ಖಾಲಿ ಡಬ್ಬಿಯ ಕೋಟೆ

ರಗಳೆಗೆಲ್ಲ ಕಾರಣ ಒಂದು ದೀರ್ಘ. ಮೊಬೈಲಿನ ಜಾಹೀರಾತಿನಲ್ಲಿ ‘ಕೋಟೆ’ ಎಂದಿರಬೇಕಾದಲ್ಲಿ ‘ಕೊಟೆ’ ಎಂದಿತ್ತು. ಪ್ರೆಸ್ಸಿನ ಪ್ರೂಫ್ ರೀಡರಿಗೆ, ಬೆಕ್ಕಿಗೆ ಇಲಿಯ ಬಾಲ ಕಂಡಂತಾಯಿತು. ಬಾಲ ಹಿಡಿದರು, ಇಲಿಯನ್ನು ನೋಡಲಿಲ್ಲ.

ಇಪ್ಪತ್ತು ವರ್ಷ ಅಲ್ಪವಿರಾಮಗಳನ್ನು ಅಕ್ಕಿಯೊಳಗಿನ ಕಲ್ಲಿನಂತೆ ಹೆಕ್ಕಿದ ಅವರಿಗೆ ಪ್ರೆಸ್ಸಿನವರು ಇಟ್ಟ ಹೆಸರು ಕಾಮಾ ಸಾರ್. ಅವರ ಇನ್ನೊಂದು ಹೆಮ್ಮೆ, ಆನ್‌ಲೈನಿನಲ್ಲಿ ಯಾವುದನ್ನೂ ಪೂರ್ತಿ ಬೆಲೆಗೆ ಕೊಂಡವರಲ್ಲ ಎಂಬುದು. ಮಗಳು ಕೇಳಿದ್ದ, ಸಾವಿರದ ಇನ್ನೂರು ಬ್ಲಾಕ್ ಜೋಡಿಸಿ ಕಟ್ಟುವ ಕೋಟೆಯನ್ನು ತಿಂಗಳಿಂದ ಕಾರ್ಟಿನಲ್ಲಿಟ್ಟು, ಕಾವಿಗೆ ಕೂತ ಕೋಳಿಯಂತೆ ಬೆಲೆ ಇಳಿಯುವುದನ್ನು ಕಾಯುತ್ತಿದ್ದರು. ಬೆಲೆ ಇಳಿಯಲಿಲ್ಲ, ಹುಟ್ಟುಹಬ್ಬ ಬಂದುಬಿಟ್ಟಿತು.

“ಸಂಜೆ ಆರಕ್ಕೆ ಫ್ರೆಂಡ್ಸೆಲ್ಲ ಬರ್ತಾರೆ ಅಪ್ಪಾ. ಕೋಟೆ ಕಟ್ಟೋಣ ಅಂತ ಹೇಳಿಬಿಟ್ಟಿದೀನಿ. ಬರ್ಲಿಲ್ಲ ಅಂದ್ರೆ ನನ್ ಮರ್ಯಾದೆ ಹೋಗುತ್ತೆ!”

“ನಿಮ್ಮಪ್ಪ ಯಾರು ಅಂದ್ಕೊಂಡೆ?” ಎಂದು ಅವರು ಹಳೆ ಸಾಮಾನಿನ ಆಪ್ ತೆರೆದರು. ಅದೇ ಕೋಟೆ, ಮೂರರಲ್ಲೊಂದು ಪಾಲು ಬೆಲೆ, ಸಂಜೆಯೊಳಗೆ ಮನೆಬಾಗಿಲಿಗೆ! ಆ ಕಾಣೆಯಾದ ದೀರ್ಘಕ್ಕೊಮ್ಮೆ ಲೊಚಗುಟ್ಟಿ, ಸಾಗಿಸುವ ಖರ್ಚನ್ನೂ ಸೇರಿಸಿ ದುಡ್ಡು ಕಟ್ಟಿಯೇಬಿಟ್ಟರು.

ಪ್ರೆಸ್ಸಿಗೆ ಬಂದದ್ದು ಕೋಟೆ ಗೆದ್ದ ದಳವಾಯಿಯಂತೆ.

“ಎಲ್ಲಿ ತೋರ್ಸಿ ಸಾರ್,” ಎಂದು ಬೈಂಡಿಂಗ್ ಅಕ್ಕ ಅಂಟಿನ ಕೈಯಲ್ಲೇ ಮೊಬೈಲ್ ಕಸಿದುಕೊಂಡು ಓದಿದಳು. “ಸಾರ್... ‘ಡಬ್ಬಿ ಮತ್ತು ಜೋಡಿಸುವ ಪುಸ್ತಕ ಮಾತ್ರ’ ಅಂತಿದೆಯಲ್ಲ?”

“ಏನ್ ಮಾತ್ರ?”

“ಡಬ್ಬಿ ಮಾತ್ರ. ಒಳಗೆ ಗಾಳಿ.”

ಮಷಿನ್ನಿನವನು ಮಷಿನ್ ನಿಲ್ಲಿಸಿ, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಕಾಮಾ ಸಾರ್ ದನಿಯಲ್ಲೇ ಎಳೆದ: “‘ನನ್ನ ಕಣ್ಣು ತಪ್ಪಿಸಿ ಒಂದ್ ಚುಕ್ಕೆ ಹೋಗಲ್ಲಯ್ಯಾ!’ ಚುಕ್ಕೆ ಹೋಗಿಲ್ಲ ಬಿಡಿ ಸಾರ್, ಕೋಟೆ ಹೋಗಿದೆ ಅಷ್ಟೆ!”

ಕಾಮಾ ಸಾರ್ ಮುಖ ಒದ್ದೆ ಕಾಗದವಾಯಿತು. ಆದರೆ ಬಾಯಿ ಸೋಲಲಿಲ್ಲ. “ಗೊತ್ತಿದ್ದೇ ತಗೊಂಡೆ ಕಣಯ್ಯಾ. ಡಬ್ಬಿ ಬೇರೆ, ಬ್ಲಾಕ್ ಬೇರೆ ಕೊಂಡ್ರೆ ಇನ್ನೂ ಅಗ್ಗ. ಅದೊಂದು ವಿದ್ಯೆ!”

ವಿದ್ಯೆಯೇನೋ ಹುಟ್ಟಿತು, ಬ್ಲಾಕ್ ಹುಟ್ಟಬೇಕಲ್ಲ? ಊಟ ಬಿಟ್ಟು, ಕಾಗದದ ಕಟ್ಟುಗಳ ಹಿಂದೆ ಕೂತು, ಒಂದಾದ ಮೇಲೊಂದು ಆಪ್ ಜಾಲಾಡಿದರು. ನಾಲ್ಕು ಗಂಟೆಗೆ ಇನ್ಯಾವುದೋ ಆಪಿನಲ್ಲಿ ಸಿಕ್ಕೇಬಿಟ್ಟಿತು: ‘ಅದೇ ಕೋಟೆಯ ಬ್ಲಾಕುಗಳು, ಪೂರ್ತಿ ಇವೆ. ಡಬ್ಬಿ ಇಲ್ಲ. ಬಂದು ಒಯ್ಯಿರಿ.’ ಈ ಸಲ ‘ಮಾತ್ರ’ ಇದೆಯೇ ಎಂದು ಮೂರು ಸಲ ಹುಡುಕಿದರು. ಎರಡೂ ಸೇರಿದರೂ ಹೊಸದಕ್ಕಿಂತ ಅಗ್ಗ!

“ನೋಡ್ರಯ್ಯಾ!” ಎಂದು ಕೂಗಿದರು. ಅಕ್ಕ ಚಪ್ಪಾಳೆ ತಟ್ಟಿದಳು. ಮಷಿನ್ನಿನವನೂ ಸಲಾಮು ಹೊಡೆದ. ಕಾಮಾ ಸಾರ್ ಎದೆ ಎರಡು ಕಾಲಂ ಅಗಲವಾಯಿತು.

ಆಪಿನಲ್ಲಿದ್ದ ವಿಳಾಸಕ್ಕೆ ಹೋದರೆ, ಮೂರನೇ ಮಹಡಿಯ ಬಾಗಿಲು ತೆರೆದವರು, ಕನ್ನಡಕವನ್ನು ನೆತ್ತಿಗೇರಿಸಿಕೊಂಡ ಒಬ್ಬ ಅಜ್ಜಿ. ದುಡ್ಡು ತಗೊಂಡು ಬ್ಲಾಕಿನ ಚೀಲ ಕೊಟ್ಟರು.

“ಒಳ್ಳೇ ಬೆಲೆಗೆ ಸಿಕ್ತು ಅಜ್ಜಿ,” ಎಂದರು ಇವರು, ತಡೆಯಲಾರದೆ.

“ನಂಗೂ ಒಳ್ಳೇ ಬೆಲೆಯೇ ಬಂತಪ್ಪ. ಎದುರಿನ ಅಂಗಡೀಲಿ ಇಡೀ ಸೆಟ್ ಅರ್ಧ ಬೆಲೆಗೆ ಹಾಕಿದ್ರು. ಮೂರು ಸೆಟ್ ತಂದೆ. ಬ್ಲಾಕ್ ಒಬ್ಬರಿಗೆ, ಡಬ್ಬಿ ಒಬ್ಬರಿಗೆ ಮಾರ್ತೀನಿ. ಬೆಳಗ್ಗೆ ಯಾರೋ ಪುಣ್ಯಾತ್ಮ ಖಾಲಿ ಡಬ್ಬೀನ ದುಡ್ಡು ಕೊಟ್ಟು ತಗೊಂಡಿದಾನೆ ಕಣೋ! ತಲೆಗೆ ಹಾಕ್ಕೋತಾನೋ ಏನೋ!” ಅಜ್ಜಿ ಬಾಗಿಲು ಹಿಡಿದುಕೊಂಡು ನಕ್ಕರು. ಜೊತೆಗೆ ನಗದೆ ವಿಧಿಯಿರಲಿಲ್ಲ. ಕಾಮಾ ಸಾರ್ ಹಲ್ಲುನೋವಿನವರಂತೆ ನಕ್ಕರು.

“ತಂದುಕೊಡೋರು ಇನ್ನೂ ಬಂದಿಲ್ಲ. ನೀನು ಈ ಬೀದಿ ಕಡೆ ಹೋಗ್ತೀಯಾ ನೋಡು. ಸಾಗಿಸೋ ದುಡ್ಡು ನಂಗೆ ಉಳಿಯುತ್ತೆ.”

ಅಜ್ಜಿ ಕೈಗಿಟ್ಟ ಡಬ್ಬಿಯ ಮೇಲೆ ಕಾಮಾ ಸಾರ್ ಮನೆಯದೇ ವಿಳಾಸವಿತ್ತು. ಒಂದಕ್ಷರ ತಪ್ಪಿಲ್ಲ.

ನಿಜ ಹೇಳಿಬಿಡಬಹುದಿತ್ತು. ನಾಲಿಗೆ ತುದಿಯವರೆಗೂ ಬಂದಿತ್ತು, ಹೊರಬಿದ್ದದ್ದು ಬೇರೆ. “ಗೊತ್ತು ಅಜ್ಜಿ, ಇವ್ರು ನಮ್ ಕಡೆಯವರೇ. ತುಂಬಾ ಬುದ್ಧಿವಂತರು.”

“ಹೌದಾ? ವ್ಯಾಪಾರ ನೋಡಿದ್ರೆ ಹಾಗನ್ಸಲ್ಲಪ್ಪ.”

ಆರಕ್ಕೆ ಐದು ನಿಮಿಷವಿರುವಾಗ ಕಾಮಾ ಸಾರ್ ಮನೆ ಸೇರಿದರು. ಏಳೂವರೆಗೆ ಕೋಟೆ ಎದ್ದು ನಿಂತಿತು. “ನಮ್ಮಪ್ಪ ತಂದಿದ್ದು!” ಎಂದಳು ಮಗಳು. ಅವರ ಎದೆ ಮತ್ತೆ ಎರಡು ಕಾಲಮ್ಮಿಗೆ ಹಿಗ್ಗಿತು.

ಆಗ ಆಪ್ ಕೇಳಿತು: ‘ಡಬ್ಬಿ ತಂದುಕೊಟ್ಟವರ ಸೇವೆ ಹೇಗಿತ್ತು?’

ಅತ್ತಿತ್ತ ನೋಡಿ, ಐದಕ್ಕೆ ಐದು ಸ್ಟಾರ್ ಒತ್ತಿದರು. ‘ಅತ್ಯಂತ ಸಭ್ಯರು, ಸಮಯಪಾಲಕರು’ ಎಂದೂ ಬರೆದರು, ಅಲ್ಪವಿರಾಮ ಸಮೇತ.

ಐದು ನಿಮಿಷಕ್ಕೆ ಫೋನ್ ಬಂತು. ಅಜ್ಜಿ.

“ನಿನ್ನನ್ನ ಎಷ್ಟು ಹೊಗಳಿದಾರಪ್ಪ ಆ ಡಬ್ಬಿ ತಗೊಂಡವ್ರು! ಇಂಥ ನಂಬಿಕಸ್ಥರು ಎಲ್ಲಿ ಸಿಗ್ತಾರೆ? ನಾಳೆ ಬೆಳಗ್ಗೆ ಎಂಟಕ್ಕೆ ಬಂದ್ಬಿಡು. ಇನ್ನೂ ಎರಡು ಡಬ್ಬಿ ತಲುಪಿಸೋದಿದೆ.”

ಕಾಮಾ ಸಾರ್ ಕಾಲರ್ ಸರಿಮಾಡಿಕೊಂಡರು.

“ಏಳೂವರೆಗೇ ಬರ್ತೀನಿ ಅಜ್ಜಿ. ಕೆಲಸ ಅಂದ್ರೆ ನಂದು ಕರಾರುವಾಕ್ಕು.”