ಬಿರೇಕಿನ ದಿಮಾಗು

ಸಂಶಯ ಪಡುವವನಿಗೆ ಜ್ಞಾಪಕಶಕ್ತಿ ಗಟ್ಟಿಯಾಗಿರಬೇಕು. ಇಲ್ಲದಿದ್ದರೆ ಬೆಳಿಗ್ಗೆ ಯಾವುದನ್ನು ಸಂಶಯಪಟ್ಟಿದ್ದೆ ಎಂಬುದೇ ಮರೆತು, ಸಂಜೆಯ ಹೊತ್ತಿಗೆ ಅದನ್ನೇ ನಂಬಿ ಕೂತಿರುವ ಅಪಾಯವಿದೆ. ನನ್ನಲ್ಲಿ ಸಂಶಯ ಧಾರಾಳವಾಗಿದೆ, ಜ್ಞಾಪಕ ಮಾತ್ರ ಕೊರತೆ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿ ಬಂದು ಸಿಂಧನೂರಿನ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತಿದ್ದೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧವಿಲ್ಲ ಎಂದು ಹುಡುಗರಿಗೆ ವರ್ಷಾ ವರ್ಷಾ ಹೇಳಿ ಹೇಳಿ, ಕೊನೆಗೆ ಊರ ಕಾಗೆಗಳಿಗೆಲ್ಲ ನಾನೇ ವಕೀಲನಾಗಿದ್ದೆ. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಸುತ್ತಲಿನ ಹಳ್ಳಿಗಳಿಗೆ ಹೋಗಿ ಭಾನಾಮತಿಯ ವಿರುದ್ಧ ಭಾಷಣ ಮಾಡುತ್ತಿದ್ದೆ. ನಮ್ಮ ಕಡೆ ಮಾಟ ಮಂತ್ರಕ್ಕೆ ಭಾನಾಮತಿ ಎನ್ನುತ್ತಾರೆ. ಇಟ್ಟ ಬಟ್ಟೆ ಮಾಯವಾದರೂ ಭಾನಾಮತಿ, ಕಟ್ಟಿದ ಎಮ್ಮೆ ಹಾಲು ಕೊಡದಿದ್ದರೂ ಭಾನಾಮತಿ. ವಸ್ತುಗಳು ತಾವಾಗಿ ಮಾಯವಾಗುವುದಿಲ್ಲ ಎಂದು ಒಂದು ಗಂಟೆ ವಿವರಿಸಿ ಮನೆಗೆ ಬಂದರೆ ನನ್ನ ಕೊಡೆ ಇರುತ್ತಿರಲಿಲ್ಲ. ಮರುದಿನ ಆ ಊರಿನವರೇ ಯಾರಾದರೂ ತಂದುಕೊಟ್ಟು, "ತಾನ ಮಾಯ ಆಗಿತ್ತೇನ್ರಿ ಸರ?" ಎಂದು ಕೇಳಿ ಹೋಗುತ್ತಿದ್ದರು.

ಇಂಥ ನನ್ನ ಕೈಗೆ ಕಾರು ಬಂದದ್ದು ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ. ಕಾರು ನನ್ನದಲ್ಲ. ನನ್ನ ಹೆಂಡತಿ ಶಾಂತಾಳ ಅಣ್ಣ ಬಸವರಾಜಪ್ಪ ಲಿಂಗಸುಗೂರಿನಲ್ಲಿ ದಲಾಲಿಯ ಮೇಲೆ ಕಾಳುಕಡಿ ಮಾರಿಸುವ ದೊಡ್ಡ ಅಡತ್ ವ್ಯಾಪಾರಿ. ಯಾರೋ ಹೊರದೇಶದಿಂದ ಹೈದರಾಬಾದಿಗೆ ತಂದಿದ್ದ ಕಾರನ್ನು ಕೊಂಡಿದ್ದರು. ಆಗ ನಮ್ಮ ಸುತ್ತಲಿನ ಊರುಗಳಲ್ಲಿ ಅಂಥದ್ದು ಅದೊಂದೇ. ಎಂಥ ಕೆಸರಿನಲ್ಲಿ ಬ್ರೇಕ್ ಒತ್ತಿದರೂ ಗಾಲಿ ಜಾರದಂತೆ ಕಾಯುವ ಯಂತ್ರ ಅದರಲ್ಲಿತ್ತು. ಒತ್ತಿದರೆ ಸಾಕು, ಎಷ್ಟು ಬೇಕೋ ಅಷ್ಟನ್ನು ಕಾರೇ ಯೋಚಿಸಿ ಹಿಡಿಯುತ್ತದೆ ಎಂದು ಬಸವರಾಜಪ್ಪ ಕಂಡಕಂಡವರಿಗೆ ಹೇಳುತ್ತಿದ್ದರು. ಅವರು ಮನೆಮಂದಿಯೊಂದಿಗೆ ಎರಡು ತಿಂಗಳು ತೀರ್ಥಯಾತ್ರೆಗೆ ಹೊರಟಾಗ ಕಾರನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿ ಬೀಗದ ಕೈ ಕೊಟ್ಟರು.

"ವಾರಕ್ಕ ಎರಡು ಸಲ ಹೊಡೀರಿ ಮಾಸ್ತರ್ರ. ನಿಂತ ಗಾಡಿ, ಕುಂತ ಅಳಿಯ ಎರಡೂ ಕೆಡ್ತಾವ. ಹೆಂಗ ಕೊಟ್ಟೀನೋ ಹಂಗ ನನ್ನ ಕೈಗೆ ವಾಪಸ್ ಬರಬೇಕು ನೋಡ್ರಿ."

ಆ ಮನೆಯ ಅಳಿಯ ನಾನೊಬ್ಬನೇ. ಅವರ ಮನೆಯಲ್ಲಿ ನನ್ನ ಬಗ್ಗೆ ಎರಡು ಅಭಿಪ್ರಾಯಗಳಿದ್ದವು: ಓದಿದವನು ಎಂಬುದು ಒಂದು, ಕೈಗೆ ಕೊಟ್ಟದ್ದನ್ನು ಕಳೆಯುವವನು ಎಂಬುದು ಇನ್ನೊಂದು. ಎರಡನೆಯದನ್ನು ಸುಳ್ಳು ಮಾಡಲು ದೇವರೇ, ಅಂದರೆ ಕಾಕತಾಳೀಯವೇ, ಒದಗಿಸಿದ ಅವಕಾಶ ಇದೆಂದು ನಾನು ಭಾವಿಸಿದೆ.

ಮರುದಿನವೇ ಶಾಂತಾ ಕಾರಿನ ಮುಂದೆ ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿದಳು. ದಾರಕ್ಕೆಂದು ತನ್ನ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗಿನಿಂದಲೇ ಎಳೆ ಬಿಡಿಸಿದ್ದಳು. "ಇದಿರೂತನಕ ಅಣ್ಣನ ಗಾಡಿಗೆ ಏನೂ ಆಗಂಗಿಲ್ಲ" ಎಂದಳು. ನಾನು ಕಾರ್ಯಕಾರಣ ಸಂಬಂಧದ ಬಗ್ಗೆ ನಾಲ್ಕು ಮಾತು ಹೇಳಿದೆ. ಅವಳು ಐದನೆಯದಕ್ಕೆ ಕಾಯದೆ ಒಳಗೆ ಹೋದಳು.

ತೊಂದರೆ ಆದದ್ದು ಗೊರೇಬಾಳದಲ್ಲಿ. ಭಾನಾಮತಿ ಎಂಬುದಿಲ್ಲ ಎಂದು ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಹೇಳುತ್ತಿದ್ದೆ. ಜನ ಎಂದಿಗಿಂತ ಹೆಚ್ಚು ಗಮನ ಕೊಟ್ಟು ನೋಡುತ್ತಿದ್ದರು, ಆದರೆ ನನ್ನನ್ನಲ್ಲ, ನನ್ನ ಹಿಂದೆ. ಕೊನೆಗೆ ಒಬ್ಬ ಮುದುಕ ಎದ್ದು, "ಎಲ್ಲಾ ಖರೇನ ಐತ್ರಿ ಸರ. ಮತ್ತ ಗಾಡಿಗಿ ಅದೇನ್ರಿ ತೂಗಾಕತ್ತೈತಿ?" ಎಂದ. ಸೇರಿದ್ದವರೆಲ್ಲ ನಕ್ಕರು. ಗಾಳಿಗೆ ನಿಂಬೆಹಣ್ಣೂ ಅತ್ತಿತ್ತ ಆಡಿತು.

ಮುಂದಿನ ಶನಿವಾರ ದಢೇಸುಗೂರಿಗೆ ಹೋಗಿ ಬಂದಾಗ ಕಾರಿನ ಮುಂದೆ ನಿಂಬೆಹಣ್ಣು ಇರಲಿಲ್ಲ. ಎಲ್ಲಿ ಹೋಯಿತು ಎಂದು ಶಾಂತಾ ಕೇಳಿದಳು. ದಾರ ಹರಿದು ದಾರಿಯಲ್ಲಿ ಬಿದ್ದಿರಬೇಕು ಎಂದೆ. "ತಾನ ಹರೀತಂದ್ರ ಛಲೋ ಅಲ್ಲ" ಎಂದು ಅವಳು ಮುಖ ಸಪ್ಪಗೆ ಮಾಡಿದಳು. ನಾನು ಮತ್ತೆ ಕಾಗೆಯ ಪರವಾಗಿ ವಾದಿಸಿದೆ.

ಅದಾಗಿ ಐದು ವಾರವಾಗಿರಬೇಕು, ಅಥವಾ ಆರು. ಒಂದು ಬೆಳಿಗ್ಗೆ ಕಾರು ಚಾಲೂ ಮಾಡಿದರೆ ಸ್ಟಿಯರಿಂಗಿನ ಹಿಂದೆ ಬ್ರೇಕಿನ ಹಳದಿ ದೀಪವೊಂದು ಹತ್ತಿಕೊಂಡಿತು, ಆರಲೇ ಇಲ್ಲ. ಬಸವರಾಜಪ್ಪ ಬರಲು ಇನ್ನು ಹತ್ತೇ ದಿನ. ಶಾಂತಾ ದೀಪವನ್ನೂ ನೋಡಿದಳು, ನನ್ನನ್ನೂ ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಮಾಡಿದ ಅತ್ಯಂತ ಉದ್ದನೆಯ ಭಾಷಣ ಅದು.

ಮಸ್ಕಿಯಲ್ಲಿ ಮೈಬೂಬ್ ಮಿಸ್ತ್ರಿ ಎಂಬವನಿದ್ದ. ಹೈದರಾಬಾದಿನಲ್ಲಿ ಹತ್ತು ವರ್ಷ ದೊಡ್ಡ ಕಾರುಗಳ ಕೆಲಸ ಮಾಡಿ ಬಂದವನು. ಈಗ ರಸ್ತೆ ಬದಿಯ ಬೇವಿನ ಮರದ ಕೆಳಗೆ ಟ್ರ್ಯಾಕ್ಟರು, ಲಾರಿ ರಿಪೇರಿ ಮಾಡುತ್ತಿದ್ದ. ಬ್ರೇಕ್ ಕೆಟ್ಟ ಕಾರಿನಲ್ಲಿ ಒಬ್ಬನೇ ಹೋಗಬಾರದು ಎಂದು ಶಾಂತಾ ನನ್ನ ಜೊತೆಗೇ ಬಂದಳು. ಇಬ್ಬರೂ ಹೋದರೆ ಏನು ಉಳಿತಾಯ ಎಂದು ನಾನು ಕೇಳಲಿಲ್ಲ. ಮಿಸ್ತ್ರಿ ಫ್ಯೂಸು ನೋಡಿದ, ಬ್ರೇಕ್ ಆಯಿಲ್ ನೋಡಿದ, ನಾಲ್ಕೂ ಗಾಲಿಗೆ ಮೆತ್ತಿದ್ದ ಕಾಲುವೆ ದಾರಿಯ ಕೆಸರನ್ನು ತೊಳೆಸಿದ. ದೀಪ ಆರಲಿಲ್ಲ.

"ಬಿರೇಕು ಹಿಡೀತೈತ್ರಿ ಸರ, ಸಾದಾ ಗಾಡಿ ಹಂಗ. ಜಾರದಂಗ ಕಾಯೋದೊಂದ ಬಂದ್ ಆಗೈತಿ. ದೀಪದ ಬಲ್ಬು ತಗದುಬಿಡ್ಲೇನು? ಸಾಹುಕಾರ್ರಿಗೆ ಗೊತ್ತಾಗಂಗಿಲ್ಲ."

ಜ್ವರ ಬಂದವನ ಥರ್ಮಾಮೀಟರು ಒಡೆಯುವ ಚಿಕಿತ್ಸೆ ಇದು ಎಂದು ನಾನು ಗಂಭೀರವಾಗಿ ತಿರಸ್ಕರಿಸಿದೆ. ಆದರೆ ಒಂದು ಕ್ಷಣ ಆಸೆಯಾದದ್ದು ನಿಜ.

ಮುಂದಿನ ಸೀಟಿನೆದುರಿನ ಸಣ್ಣ ಪೆಟ್ಟಿಗೆಯಲ್ಲಿ ಕಾರಿನ ಬಗೆಗಿನ ಒಂದು ದಪ್ಪ ಇಂಗ್ಲಿಷ್ ಪುಸ್ತಕವಿತ್ತು. ಸ್ಟಿಯರಿಂಗಿನ ಕೆಳಗಿರುವ ಎರಡು ತೂತುಗಳಿಗೆ ಒಂದು ತಂತಿ ಜೋಡಿಸಿದರೆ ಅದೇ ಹಳದಿ ದೀಪ ಮಿಣುಕಿ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ, ಎಷ್ಟು ಸಲ ಮಿಣುಕಿತು ಎಂದು ಎಣಿಸಬೇಕು ಎಂದು ಅದರಲ್ಲಿ ಬರೆದಿತ್ತು. ಮಿಸ್ತ್ರಿ ತಂತಿ ಹಾಕಿದ. ದೀಪ ಮಿಣುಕಿತು, ತಡೆಯಿತು, ಮತ್ತೆ ಮಿಣುಕಿತು. ಐದು, ಎರಡು ಎಂದ ಮಿಸ್ತ್ರಿ. ನಾನು ಎಣಿಸುತ್ತಿದ್ದಾಗ, ಮೊದಲ ಮಿಣುಕನ್ನು ಲೆಕ್ಕಕ್ಕೆ ಹಿಡಿದೆನೋ ಇಲ್ಲವೋ ಎಂಬ ಸಂಶಯ ಬಂದು, ಆ ಸಂಶಯವನ್ನು ಪರೀಕ್ಷಿಸುವಷ್ಟರಲ್ಲಿ ಉಳಿದವು ಮುಗಿದೇ ಹೋದವು. ಹಿಂದಿನ ಸೀಟಿನಿಂದ ಶಾಂತಾ, "ಐದು, ಮೂರು" ಎಂದಳು. ಹಪ್ಪಳ ಎಣಿಸುವ ಹಾಗೆ ಹೆಬ್ಬೆರಳಿನಿಂದ ಗೆಣ್ಣು ಹಿಡಿದು ಎಣಿಸಿದ್ದಳು. ಮತ್ತೆರಡು ಸಲ ನೋಡಿದೆವು. ಐದು, ಮೂರೇ. ಐದು ಮೂರೆಂದರೆ ಬ್ರೇಕನ್ನು ಆಳುವ ವಿದ್ಯುತ್ ಪೆಟ್ಟಿಗೆಯೇ ಕೆಟ್ಟಿದೆ ಎಂದು ಪುಸ್ತಕ ಹೇಳಿತು. ಆ ಪೆಟ್ಟಿಗೆಯೇ ಬ್ರೇಕಿನ ಮಿದುಳು ಎಂದು ನಾನು ಕನ್ನಡದಲ್ಲಿ ವಿವರಿಸಿದೆ. ಮಿಸ್ತ್ರಿ ಅದನ್ನು ಒಂದೇ ಮಾತಿಗೆ ಇಳಿಸಿ, ಶಾಂತಾಳ ಕಡೆ ತಿರುಗಿ ಹೇಳಿದ:

"ದಿಮಾಗು ಖರಾಬಾಗೈತ್ರಿ ಅಕ್ಕಾರ."

"ಅದು ನನಗ ಮದುವಿ ಆದಾಗಿಂದ ಗೊತ್ತೈತಪಾ" ಎಂದಳು ಶಾಂತಾ. "ಗಾಡಿಗೇನಾಗೈತಿ ಹೇಳು."

ಗಾಡಿಯ ದಿಮಾಗು ಎಂದು ಅವನು ತಿದ್ದಿದ. ಹೈದರಾಬಾದಿನ ಹಳೆ ಕಾರುಗಳ ಬಜಾರಿನಲ್ಲಿ ತನ್ನ ಉಸ್ತಾದ ಇದ್ದಾನೆ, ಅಂಥದ್ದೇ ಗಾಡಿಯ ದಿಮಾಗು ಹುಡುಕಿ ಬಸ್ಸಿಗೆ ಹಾಕಿ ಕಳಿಸುತ್ತಾನೆ ಎಂದು ಧೈರ್ಯ ಕೊಟ್ಟ. ಅಂದಿನಿಂದ ನನಗೆ ಆ ಕಾರಿನ ಮೇಲೆ ಒಂದು ಬಗೆಯ ಅಸೂಯೆ. ದಿಮಾಗು ಕೆಟ್ಟರೆ ಬಸ್ಸಿನಲ್ಲಿ ಇನ್ನೊಂದು ತರಿಸಬಹುದಾದ ಜೀವ ಅದು.

ದಿಮಾಗು ಬಂದದ್ದು ಎಂಟು ದಿನ ಬಿಟ್ಟು, ಭಾನುವಾರ. ಸೋಮವಾರ ಬಸವರಾಜಪ್ಪ ಬರುವವರು. ಬೆಳಿಗ್ಗೆಯೇ ಮಸ್ಕಿಗೆ ಓಡಿದೆವು. ಮಿಸ್ತ್ರಿ ಬಾನೆಟ್ ಎತ್ತಿ, ಒಂದು ಮೂಲೆಯಲ್ಲಿದ್ದ ಕಪ್ಪು ಪೆಟ್ಟಿಗೆಯ ತಿರುಪು ಬಿಚ್ಚಿ, ವೈರುಗಳ ಗೊಂಚಲು ಎಳೆದ. ಒಳಗಿನ ಹಿತ್ತಾಳೆಯ ಕಡ್ಡಿಗಳೆಲ್ಲ ಹಸಿರು ಕಿಲುಬು ಹಿಡಿದು ತಿಂದು ಹೋಗಿದ್ದವು. "ಇಲ್ಲಿಗೆ ನೀರೆಲ್ಲಿಂದ ಬಂತ್ರಿ?" ಎನ್ನುತ್ತ ಪೆಟ್ಟಿಗೆಯ ಹಿಂದಿನ ಸಂದಿಗೆ ಕೈ ಹಾಕಿದವನು ಬೆಂಕಿ ಮುಟ್ಟಿದವನಂತೆ ಕೈ ತೆಗೆದ. ತಿರುಪು ಬಿಚ್ಚುವ ಪಾನಾ ನೆಲಕ್ಕೆ ಬಿತ್ತು.

"ಯಾ ಅಲ್ಲಾ! ಯಾರೋ ಮಾಡಿಸ್ಯಾರ್ರಿ ಸರ!"

ಬಗ್ಗಿ ನೋಡಿದೆ. ಸಂದಿಯಲ್ಲಿ ಕಪ್ಪಗೆ ಕೊಳೆತು ಒಣಗಿದ ಒಂದು ನಿಂಬೆಹಣ್ಣು, ಮುದುಡಿದ ಮೆಣಸಿನಕಾಯಿಗಳು. ಎದುರಿನ ಚಹಾದಂಗಡಿಯ ವೀರಪ್ಪ ಓಡಿಬಂದ. ಅವನ ಹಿಂದೆ ಚಹಾ ಕುಡಿಯುತ್ತಿದ್ದವರು ಬಸಿಗಳ ಸಮೇತ ಬಂದರು. "ಯಂತ್ರದಾಗ ಲಿಂಬಿಹಣ್ಣು ಇಡೋದಂದ್ರ ಸಣ್ಣ ಕೈಯಲ್ಲ" ಎಂದು ವೀರಪ್ಪ ತೀರ್ಪು ಕೊಟ್ಟ. ಮಿಸ್ತ್ರಿ ಕೈ ಒರೆಸಿಕೊಂಡು ದೂರ ನಿಂತ. ಇದನ್ನು ತೆಗೆಯಲು ಮುದಗಲ್ಲಿನಿಂದ ತಿಳಿದವರೊಬ್ಬರು ಬರಬೇಕು, ಅವರು ಬರುವುದು ಗುರುವಾರವೇ, ಅಲ್ಲಿಯ ತನಕ ತಾನು ಈ ಗಾಡಿ ಮುಟ್ಟುವುದಿಲ್ಲ ಎಂದ. ಶಾಂತಾ ಮಾತ್ರ ಮುಂದೆ ಬಂದು ಬಗ್ಗಿ ನೋಡಿದಳು. ಮೆಣಸಿನಕಾಯಿಯಿಂದ ಕೆಂಪು ಎಳೆಯೊಂದು ಜೋತಿತ್ತು.

"ಇದು ನನ್ನ ಇಳಕಲ್ ಸೀರಿ ದಾರ" ಎಂದಳು.

ಆಗ ನೆನಪಾಯಿತು. ದಢೇಸುಗೂರು ಇನ್ನೂ ಒಂದು ಫರ್ಲಾಂಗ್ ಇರುವಾಗ ಕಾಲುವೆಯ ದಂಡೆಯಲ್ಲಿ ಕಾರು ನಿಲ್ಲಿಸಿದ್ದೆ. ಗೊರೇಬಾಳದ ನಗು ಇನ್ನೂ ಕಿವಿಯಲ್ಲಿತ್ತು. ದಾರ ಬಿಚ್ಚಿದೆ. ಮನೆ ಸಮೀಪಿಸುವಾಗ ಮತ್ತೆ ಕಟ್ಟಿದರಾಯಿತು ಎಂದುಕೊಂಡು, ಯಾರ ಕಣ್ಣಿಗೂ ಬೀಳದ ಜಾಗವೆಂದು ಬಾನೆಟ್ ಎತ್ತಿ ಒಳಗಿಟ್ಟೆ. ಭಾಷಣ ಚೆನ್ನಾಗಿ ಆಯಿತು. ಎಷ್ಟು ಚೆನ್ನಾಗಿ ಆಯಿತೆಂದರೆ ನಿಂಬೆಹಣ್ಣು ಮರೆತೇ ಹೋಯಿತು. ದಾರ ಹರಿದಿರಬೇಕು ಎಂದು ಶಾಂತಾಳಿಗೆ ಹೇಳಿದ್ದು ಸುಳ್ಳೇನಲ್ಲ. ಹೇಳುವಾಗ ನಾನೂ ಅದನ್ನೇ ನಂಬಿದ್ದೆ. ನಂಬಿದ್ದೆನೇ? ಈಗ ಖಾತ್ರಿಯಿಲ್ಲ.

ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಬಸವರಾಜಪ್ಪನವರ ಕಾರು ಉಳಿಯುತ್ತಿರಲಿಲ್ಲ. ಜೊತೆಗೆ, ಹತ್ತು ವರ್ಷ ಇಲ್ಲವೆಂದು ಹೇಳಿಕೊಂಡು ಬಂದ ಭಾನಾಮತಿ ನನ್ನ ಕಣ್ಣೆದುರಿಗೇ ಮಸ್ಕಿಯಲ್ಲಿ ಹುಟ್ಟಿಬಿಡುತ್ತಿತ್ತು. ಗಂಟಲು ಸರಿಮಾಡಿಕೊಂಡು, "ಅದನ್ನು ಇಟ್ಟವನು ನಾನೇ" ಎಂದೆ.

ವೀರಪ್ಪ ಬಸಿಯನ್ನು ಕೆಳಗಿಳಿಸಿದ. "ಅಲ್ರೀ ಸರ, ಭಾನಾಮತಿ ಇಲ್ಲ ಅಂತ ಊರೂರು ಹೇಳ್ಕೋತ ತಿರಗತೀರಿ. ಮಾಡಾವ್ರು ನೀವ ಏನ್ರಿ?"

ನಾನು ಶಾಂತಚಿತ್ತನಾಗಿ ವಿವರಿಸಿದೆ. ನಿಂಬೆಯ ರಸ ಹುಳಿ. ಇಂಜಿನಿನ ಕಾವಿಗೆ ಹಣ್ಣು ಕೊಳೆತು ರಸ ಸೋರಿದೆ. ಸೋರಿದ ರಸ ಕಡ್ಡಿಗಳನ್ನು ತಿಂದಿದೆ. ಇದರಲ್ಲಿ ಮಾಟವಿಲ್ಲ, ಮಂತ್ರವಿಲ್ಲ, ಬರೀ ರಸಾಯನಶಾಸ್ತ್ರ. ನಿಂಬೆಹಣ್ಣು ಇದ್ದ ಜಾಗದಲ್ಲೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಹೇಳಿ ಮುಗಿಸಿದ ಮೇಲೆ ಕೊನೆಯ ವಾಕ್ಯ ನನಗೇ ಕೇಳಿಸಿತು. ಅಷ್ಟರಲ್ಲಿ ತಡವಾಗಿತ್ತು.

"ನಾ ಏನಂದಿದ್ದೆ?" ಎಂದಳು ಶಾಂತಾ ಎಲ್ಲರಿಗೂ ಕೇಳುವಂತೆ. "ಅದು ಇರೂತನಕ ಗಾಡಿಗೆ ಏನೂ ಆಗಂಗಿಲ್ಲ ಅಂದಿದ್ದೆ. ಇವ್ರು ತಗದ್ರು. ಬಿರೇಕು ಹೋತು. ಇದರಾಗ ಇವ್ರ ಶಾಸ್ತ್ರ ಏನೈತಿ, ನಂದ ಐತಿ."

"ಅಕ್ಕಾರ ಮಾತು ಖರೇ ಐತ್ರಿ" ಎಂದ ಮಿಸ್ತ್ರಿ, ಪಾನಾ ಎತ್ತಿಕೊಳ್ಳುತ್ತ. ಉತ್ತರಕ್ಕಾಗಿ ತರ್ಕಶಾಸ್ತ್ರದ ಎಲ್ಲ ಅಧ್ಯಾಯಗಳನ್ನೂ ಮನಸ್ಸಿನಲ್ಲಿ ತಿರುವಿ ಹಾಕಿದೆ. ಕಾಗೆ ಕೂತಿತ್ತು, ಕೊಂಬೆ ಮುರಿದಿತ್ತು. ಈ ಸಲ ನಿಜಕ್ಕೂ ಕಾಗೆಯೇ ಮುರಿದಿತ್ತು.

ನಿಂಬೆಹಣ್ಣನ್ನು ನಾನೇ ಕೈಯಾರೆ ತೆಗೆದ ಮೇಲೆ ಮಿಸ್ತ್ರಿ ಕೆಲಸಕ್ಕೆ ಬಂದ. ವೈರಿನ ತುದಿಗಳನ್ನು ಉಜ್ಜಿ ತೊಳೆದು ಹೊಸ ದಿಮಾಗನ್ನು ಕೂಡಿಸಿದ. ದೀಪ ಹತ್ತಿತು, ಆರಿತು. ಹಸಿ ಮಣ್ಣಿನ ದಾರಿಯಲ್ಲಿ ಜೋರಾಗಿ ಹೋಗಿ ಬ್ರೇಕ್ ಒತ್ತಿದರೆ ಕಾಲಡಿಯಲ್ಲಿ ಗುರ್‌ಗುರ್ ಎಂದು ನಡುಗಿ ಕಾರು ನೆಟ್ಟಗೆ ನಿಂತಿತು. ಆ ಕರಿ ನಿಂಬೆಹಣ್ಣನ್ನು ಎಸೆಯಲು ಮನಸ್ಸಾಗಲಿಲ್ಲ. ಭಾಷಣಗಳಲ್ಲಿ ತೋರಿಸಲು ಒಳ್ಳೆಯ ಸಾಕ್ಷಿ ಎಂದು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡೆ.

ಸೋಮವಾರ ಬೆಳಿಗ್ಗೆ ನಾನೇ ಸಂತೆಗೆ ಹೋಗಿ ನಿಂಬೆಹಣ್ಣು, ಮೆಣಸಿನಕಾಯಿ ತಂದು ಕಾರಿನ ಮುಂದೆ ಕಟ್ಟಿದೆ. ಇದು ನಂಬಿಕೆಯಲ್ಲ; ಕಾರಿನಲ್ಲಿ ನಿಂಬೆಹಣ್ಣಿಗೆ ವೈಜ್ಞಾನಿಕವಾಗಿ ಅತ್ಯಂತ ಸುರಕ್ಷಿತ ಜಾಗ ಹೊರಗೆ, ಮುಂದುಗಡೆ ಎಂಬುದು ಈಗ ಪ್ರಯೋಗದಿಂದ ಸಿದ್ಧವಾಗಿತ್ತು. ಶಾಂತಾಳಿಗೂ ಹಾಗೆಂದೇ ಹೇಳಿದೆ. "ಹೌದೌದು, ಗಟ್ಯಾಗಿ ಕಟ್ರಿ" ಎಂದಳು.

ಬಸವರಾಜಪ್ಪ ಬಂದರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬ್ರೇಕ್ ಒತ್ತಿ ನೋಡಿ, ನನ್ನ ಬೆನ್ನು ತಟ್ಟಿದರು. "ಭೇಷ್ ಮಾಸ್ತರ್ರ! ಹೆಂಗ ಕೊಟ್ಟಿದ್ನೋ ಹಂಗ ಐತಿ. ಈ ಮನುಷ್ಯಾ ಕೊಟ್ಟದ್ದು ಕಳೀತಾನ ಅಂತಿದ್ವಿ, ತಪ್ಪಾತು ನೋಡ್ರಿ." ಕಾರು ಲಿಂಗಸುಗೂರಿನ ಕಡೆ ಧೂಳೆಬ್ಬಿಸಿ ಹೋಯಿತು. ನಾನು ಎದೆ ಮುಂದೆ ಮಾಡಿ ನಿಂತಿದ್ದೆ.

ಆಗ ಆ ಪತ್ರಿಕೆಯ ಪೊಟ್ಟಣ ನೆನಪಾಯಿತು. ಮಸ್ಕಿಯಲ್ಲಿ ಸುತ್ತಿಕೊಂಡದ್ದು ನೆನಪಿದೆ. ಕೈಯಲ್ಲಿ ಹಿಡಿದದ್ದು ನೆನಪಿದೆ. ಜೋಪಾನವಾಗಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಇಟ್ಟದ್ದೂ ನೆನಪಿದೆ.

"ಬೀದ್ಯಾಗ ನಿಂತು ಜೇಬು ಯಾಕ ತಡಕಾಡಾಕತ್ತೀರಿ?" ಎಂದು ಶಾಂತಾ ಬಾಗಿಲಿನಿಂದ ಕೇಳಿದಳು.

"ಏನಿಲ್ಲ" ಎಂದೆ. "ನಿಮ್ಮಣ್ಣ ಊರು ಮುಟ್ಟಿದ ಮೇಲೆ ಒಂದು ಫೋನು ಮಾಡು. ಹಳದಿ ದೀಪ ಏನಾದರೂ ಹತ್ತಿದೆಯೇ ಅಂತ ಸುಮ್ಮನೆ ಕೇಳು."