ಮುಸುರೆಗೊಂದು ಕಾರಣ

ಕಾರಣ ಹೇಳುವುದು ನನಗೆ ಅಂಟಿದ ಚಟ. ಗೊತ್ತಿಲ್ಲದ ವಿಷಯವಾದರೆ ಇನ್ನೂ ಚೆನ್ನಾಗಿ ಹೇಳುತ್ತೇನೆ. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ಉಳಿದಿರುವುದು ಇದೊಂದೇ ಇರಬೇಕು. ಮೈಸೂರಿನಿಂದ ಮೂರು ತಿಂಗಳ ಮಟ್ಟಿಗೆ ಐರ್ಲೆಂಡಿನ ಲೀಕ್ಸ್‌ಲಿಪ್‌ಗೆ, ನಮ್ಮ ಮನೆಗೆ, ಬಂದ ಅಮ್ಮ ಜೊತೆಗೆ ಮುಸುರೆಯನ್ನೂ ತಂದಳು: ಅನ್ನದ ಪಾತ್ರೆ ಮುಟ್ಟಿದ ಕೈ ತೊಳೆಯದೆ ಹಾಲು ಮೊಸರು ಮುಟ್ಟುವಂತಿಲ್ಲ. ಇಲ್ಲೇ ಹುಟ್ಟಿದ ನನ್ನ ಹತ್ತು ವರ್ಷದ ಮಗಳು ದಿಯಾ ಒಂದು ದಿನ ಊಟಕ್ಕೆ ಕೂತಾಗ "ವೈ?" ಎಂದಳು. ಅಮ್ಮ ಬಾಯಿ ತೆರೆಯುವ ಮೊದಲೇ ನಾನು ಬ್ಯಾಕ್ಟೀರಿಯಾ, ಹುಳಿ, ನಮ್ಮ ಕಡೆಯ ಸೆಕೆ ಎಂದೆಲ್ಲ ಭಾಷಣ ಬಿಗಿದೆ. "ಬಟ್ ವಿ ಹ್ಯಾವ್ ಎ ಫ್ರಿಜ್, ಅಪ್ಪಾ. ವಿ ಆರ್ ಗ್ರ್ಯಾಂಡ್!" ಏನೂ ತೊಂದರೆಯಿಲ್ಲ ಎಂಬುದನ್ನು ಇಲ್ಲಿಯವರಂತೆ ಹೇಳಿದವಳೇ ಅನ್ನದ ಸೌಟನ್ನು ಮೊಸರಿಗೆ ಇಳಿಸಿದಳು.

ಅಮ್ಮ ಅಂದಿನಿಂದ ಸಾರನ್ನಕ್ಕೇ ಊಟ ಮುಗಿಸಿ ಏಳತೊಡಗಿದಳು. "ಹೊಟ್ಟೆ ತುಂಬ್ತಪ್ಪ." ಮೊಸರನ್ನ ತಿನ್ನದೆ ಎದ್ದ ಅಮ್ಮನನ್ನು ನಾನು ಹಿಂದೆಂದೂ ಕಂಡಿರಲಿಲ್ಲ, ನನ್ನ ನೆನಪನ್ನು ಎಷ್ಟು ನಂಬಬಹುದೋ ಅಷ್ಟರ ಮಟ್ಟಿಗೆ. ಅವಳು ಊರಿಗೆ ಹೊರಡಲು ಹತ್ತೇ ದಿನವಿತ್ತು. ಹೀಗೇ ಹೋಗಿಬಿಟ್ಟರೆ?

ಆಫೀಸಿನ ಗೆಳತಿ ರೂತ್‌ಗೆ ಹೇಳಿಕೊಂಡೆ. ಯಹೂದಿ ಮನೆತನದವಳು, ಮಾಂಸಕ್ಕೂ ಹಾಲಿಗೂ ಬೇರೆ ಬೇರೆ ತಟ್ಟೆ ಇಟ್ಟವಳು. ಬಿದ್ದು ಬಿದ್ದು ನಕ್ಕಳು. "ಮಧ್ಯಯುಗದ ನಮ್ಮ ತತ್ತ್ವಜ್ಞಾನಿಗಳು ಇದಕ್ಕೇ ತಲೆ ಚಚ್ಚಿಕೊಂಡರು. ದೇವರ ಕಟ್ಟಳೆಗೆ ಕಾರಣ ಇದ್ದೇ ಇರತ್ತೆ, ಹುಡುಕಿ ಅಂದರು ಕೆಲವರು. ಕಾರಣ ಹೇಳಿದರೆ ಜಾಣರು 'ಇದು ನನಗಲ್ಲ' ಅಂತ ಜಾರಿಕೊಳ್ತಾರೆ ಅಂತ ಹೆದರಿದರು ಇನ್ನು ಕೆಲವರು. ನಿನ್ನ ಮಗಳು ಒಂದೇ ಊಟದಲ್ಲಿ ಸಾಬೀತು ಮಾಡಿಬಿಟ್ಟಳು!" ನೀನ್ಯಾಕೆ ಪಾಲಿಸುತ್ತೀಯ ಎಂದೆ. "ಆ ತಟ್ಟೆ ತೆಗೆದಾಗ ನಮ್ಮಜ್ಜಿ ಅಡುಗೆಮನೆಗೆ ಬಂದ ಹಾಗಾಗತ್ತೆ." ಇದನ್ನು ಡೈರಿಯಲ್ಲಿ ಬರೆದುಕೊಂಡೆ. ಬರೆಯುವಾಗ ನಾನೇ ಒಂದಿಷ್ಟು ಒಗ್ಗರಣೆ ಹಾಕಿರಬಹುದು.

ಸಂಜೆ, ಮುಸುರೆ ಯಾಕೆ ಎಂದು ಅಮ್ಮನನ್ನೇ ಕೇಳಿದೆ. "ಕಾರಣ ನಂಗೇನ್ ಗೊತ್ತೋ? ನಮ್ಮಮ್ಮ ಹೇಳಿದ್ಲು, ಮಾಡ್ದೆ. ಚಿಕ್ಕವನಿದ್ದಾಗ ನೀನು ಯಾಕೆ ಯಾಕೆ ಅಂತ ಪ್ರಾಣ ತಿಂತಿದ್ದೆ, ಮೊಸರು ಕೆಡತ್ತೆ ಅಂತ ನಾನೇ ಏನೋ ಒಂದು ಅಂದಿದ್ದೆ. ನನ್ ಸುಳ್ಳೇ ಇಂಗ್ಲಿಷ್ ಕಲ್ತು ವಾಪಸ್ ಬಂತು ನೋಡು!" ನನ್ನ ವಿಜ್ಞಾನದ ಮೂಲ ಇಷ್ಟೇ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ದಿಯಾ, "ಸೋ ಇಟ್ಸ್ ಯುವರ್ ಮಮ್ಮೀಸ್ ರೂಲ್, ಅಜ್ಜಿ?" ಎಂದಳು. ಮರುದಿನ ಮೊಸರಿಗೆಂದೇ ಹೊಸ ಚಮಚ ತೆಗೆದು, ಗುರುತಿಗೆ ಅದರ ಹಿಡಿಗೆ ನೇರಳೆ ನೇಲ್ ಪಾಲಿಶ್ ಬಳಿದು, ಕೈ ತೊಳೆದು ತಾನೇ ಬಡಿಸಿದಳು. ಅಮ್ಮ ಎರಡು ಸಲ ಮೊಸರನ್ನ ಕಲಸಿಕೊಂಡಳು. ಆ ತುತ್ತುಗಳಿಗಾಗಿ ನಾನು ರೂತ್‌ಗೂ, ಹೆಸರು ನೆನಪಿಲ್ಲದ ಅವಳ ತತ್ತ್ವಜ್ಞಾನಿಗಳಿಗೂ ಋಣಿ.

ಅಮ್ಮ ಮರಳಿ ಎಷ್ಟೋ ವಾರಗಳಾದವು. ನಿನ್ನೆ ಅನ್ನ ಬಡಿಸಿದ ಕೈಯನ್ನೇ ಹಾಲಿಗೆ ಚಾಚಿದೆ. "ಅಪ್ಪಾ, ಮುಸುರೆ!" ಅಚ್ಚ ಐರಿಶ್ ರಾಗ. ಯಾಕೆ ಎಂದು ಕೇಳಲು ಬಾಯಿ ತೆರೆದೆ. ಈ ಮನೆಯಲ್ಲಿ ಕಾರಣ ಹೇಳುವವನು ನಾನೇ ಎಂಬುದು ನೆನಪಾಗಿ, ತೆಪ್ಪಗೆ ಕೈ ತೊಳೆದೆ.