ಬಾಡಿಗೆ ಮನೆಯ ಅಂಟಿನುಂಡೆ

ಮನೆ ಕೊಂಡು ಬಾಡಿಗೆಗೆ ಕೊಡಬೇಕೆನ್ನುವ ಹೊಸಬರಿಗೆ ನಾಲ್ಕು ಮಾತು ಹೇಳುವ ಯೋಗ್ಯತೆ ನನಗಿದೆ. ಆ ವ್ಯವಹಾರದಲ್ಲಿ ನನ್ನಷ್ಟು ಸೋತವರು ಹೊನ್ನಾಳಿಯಲ್ಲಿ ಇನ್ನೊಬ್ಬರಿಲ್ಲ. ಬಾವಿಯ ನೀರು ಕುಡಿದು ನೋಡಿ, ಮಳೆಗಾಲದಲ್ಲಿ ಸೂರು ನೋಡಿ, ಹಿತ್ತಲ ಗೋಡೆ ಯಾರದೆಂದು ಪಕ್ಕದ ಮನೆಯವರನ್ನೇ ಕೇಳಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಅದನ್ನೆಲ್ಲ ಮಾಡಿದೆ. ಬಾಡಿಗೆಗೆ ಬರುವವರಿಗೆ ಹೆಣ್ಣುಮಕ್ಕಳೆಷ್ಟು ಎಂಬುದೊಂದನ್ನು ಕೇಳಲಿಲ್ಲ. ಹಾಳಾದದ್ದು ಅಲ್ಲೇ.

ಎಪ್ಪತ್ತರ ದಶಕದ ಮಾತು. ನಾನು ಹೊನ್ನಾಳಿಯಲ್ಲಿ ಮೇಷ್ಟ್ರು. ಹಾಲಪ್ಪನವರ ಮನೆಯಲ್ಲಿ ಬಾಡಿಗೆಗಿದ್ದೆವು. ಗೋಡೆಗೆ ಮೊಳೆ ಹೊಡೆಯುವ ಸದ್ದು ಕೇಳಿದರೆ ಸಾಕು, ಹಾಲಪ್ಪನವರು ಊಟ ಬಿಟ್ಟು ಎದ್ದು ಬರುತ್ತಿದ್ದರು. ಹಾಗಾಗಿ ನನ್ನ ಹೆಂಡತಿ ಸರೋಜಳಿಗೆ ಬದುಕಿನಲ್ಲಿದ್ದ ಆಸೆ ಒಂದೇ: ತನ್ನದೇ ಮನೆಯ ಗೋಡೆಗೆ ತಾನೊಂದು ಮೊಳೆ ಹೊಡೆಯಬೇಕು. ಆಗ ತ್ಯಾವಣಿಗೆಯ ನನ್ನ ಷಡ್ಡಕ ಉಪಾಯ ಹೇಳಿದ. "ಚನ್ನಗಿರಿಯಾಗೆ ಒಂದು ಹಳೇ ಮನೆ ಐತೆ. ಈಗ ತಗಂಡು ಬಾಡಿಗೆಗೆ ಬಿಡ್ರಿ. ರೇಟು ಏರಿದ ಮ್ಯಾಲೆ ಮಾರಿ ನಿಮ್ಮೂರಾಗೆ ಕಟ್ಟಿಸ್ರಿ. ಮನೆ ಏನು ಓಡಿಹೋಗ್ತೈತಾ?"

ಮನೆ ಓಡಿಹೋಗಲಿಲ್ಲ. ಒಳಗಿದ್ದವರೂ ಹೋಗಲಿಲ್ಲ. ಬಾಡಿಗೆಗೆ ಬಂದ ರುದ್ರಪ್ಪ ಅಡಿಕೆ ಮಂಡಿಯ ಗುಮಾಸ್ತ, ಬಂಗಾರದಂಥ ಮನುಷ್ಯ. ಜಗಳವಾಡಲು ಒಂದೇ ಒಂದು ಕಾರಣ ಕೊಟ್ಟಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ. ರೇಟು ಏರಿತು, ನ್ಯಾಮತಿಯ ಬಟ್ಟೆ ವ್ಯಾಪಾರಿಯೊಬ್ಬರು ಕೊಳ್ಳಲು ಮುಂದೆ ಬಂದರು. ಮನೆ ಬಿಡಿ ಎನ್ನಲು ಚನ್ನಗಿರಿಗೆ ಹೋದರೆ ಬಾಗಿಲಲ್ಲೇ ಲೋಬಾನದ ಹೊಗೆ, ಹೊಗೆಯ ಹಿಂದೆ ರುದ್ರಪ್ಪ.

"ದೊಡ್ಡಾಕೆ ಹೆರಿಗೆಗೆ ಬಂದಾಳೆ ಮೇಷ್ಟ್ರೇ. ಬಾಣಂತಿ ಇರೋ ಮನೆ ಖಾಲಿ ಮಾಡ್ಸಾಕೆ ಆಗ್ತೈತೇನ್ರಿ?"

ಆಗುವುದಿಲ್ಲ. ನಮ್ಮ ಕಡೆ ಕೋರ್ಟಿನ ತಡೆಯಾಜ್ಞೆಯನ್ನಾದರೂ ತೆಗೆಸಬಹುದು, ಬಾಣಂತಿಯನ್ನು ಎಬ್ಬಿಸಲಾಗದು. ರುದ್ರಪ್ಪನ ಹೆಂಡತಿ ತಟ್ಟೆಯಲ್ಲಿ ಅಂಟಿನುಂಡೆ ತಂದಿಟ್ಟರು. ಕೊಬ್ಬರಿ, ತುಪ್ಪ ಹಾಕಿ ಬಾಣಂತಿಗೆಂದು ಕಟ್ಟಿದ ಉಂಡೆ. ತಿಂದು ಬಸ್ಸು ಹತ್ತಿದೆ.

ದೊಡ್ಡವಳು ಗಂಡನ ಮನೆಗೆ ಹೋದಳೆಂದು ತಿಳಿದು ಓಡಿದರೆ ಎರಡನೆಯವಳು ಬಂದಿದ್ದಳು. ಅವಳ ಹಿಂದೆ ಮೂರನೆಯವಳು. ಆ ಮನುಷ್ಯನ ಅಳಿಯಂದಿರೆಲ್ಲ ಸೇರಿ ನನ್ನ ಮೇಲೆ ಹಗೆ ಸಾಧಿಸುತ್ತಿದ್ದಾರೆಂದೇ ನನಗನ್ನಿಸತೊಡಗಿತು. ಕೊನೆಗೆ ನ್ಯಾಮತಿಯವರನ್ನೇ ಕರೆದೊಯ್ದೆ. "ಒಳಕೋಣೆ ನೋಡ್ಬೇಕಲ್ರೀ" ಎಂದರು. ಒಳಕೋಣೆಯ ಬಾಗಿಲು ಮುಚ್ಚಿತ್ತು, ಒಳಗೆ ಕೂಸು ಅಳುತ್ತಿತ್ತು. ಅವರು ಅಲ್ಲೇ ಕೈಮುಗಿದರು. "ಕೂಸಿನ ತೊಟ್ಲು ಬಿಚ್ಚಿಸಿ ನಾ ಮನೆ ತಗಂಡ್ರೆ ನಮಗೆ ಒಳ್ಳೇದಾಗ್ತೈತೇನ್ರಿ?" ಎಂದು ಪಕ್ಕದ ಬೀದಿಯಲ್ಲೇ ಬೇರೆ ಮನೆ ಕೊಂಡರು.

ಅಂದು ಬಸ್ಸಿನಲ್ಲಿ ನನಗೆ ನಿಜವಾಗಿ ಅಳು ಬಂತು. ಮನೆಗೆ ಬಂದಾಗ ಸರೋಜ ಬಾಗಿಲು ತೆರೆದಳು. ನನ್ನ ಕೈಯಲ್ಲಿದ್ದ ಉಂಡೆಯ ಪೊಟ್ಟಣ ನೋಡಿಯೇ ಅವಳಿಗೆ ಎಲ್ಲ ಅರ್ಥವಾಯಿತು. ಉಂಡೆಗಳನ್ನು ಡಬ್ಬಿಗೆ ಹಾಕಿದಳು. ಡಬ್ಬಿ ಇಡಲು ಹಲಗೆ ಬೇಕಿತ್ತು, ಹಲಗೆಗೆ ಮೊಳೆ ಬೇಕಿತ್ತು. ಡಬ್ಬಿ ನೆಲದ ಮೇಲೇ ಉಳಿಯಿತು.

ಎಂಬತ್ತರ ದಶಕ ಬಂದರೂ ನಾವು ಅಲ್ಲೇ ಇದ್ದೆವು. ಒಂದು ಬೆಳಿಗ್ಗೆ ಹಾಲಪ್ಪನವರು ಬಂದು ಜಗಲಿಯ ಮೇಲೆ ಕೂತರು. "ಮಗನ ಮದುವೆ ಗೊತ್ತಾಗೈತೆ ಮೇಷ್ಟ್ರೇ. ನಮಗೆ ಮನೆ ಸಾಲಲ್ಲ. ಬಿಟ್ಟುಕೊಡ್ರಿ."

ನ್ಯಾಯವಾದ ಮಾತು. ಒಪ್ಪಬೇಕೆಂದೇ ಬಾಯಿ ತೆರೆದೆ. ಆದರೆ ನಮ್ಮ ದೊಡ್ಡ ಮಗಳಿಗೆ ಹೆರಿಗೆಯಾಗಿ ಇನ್ನೂ ಹದಿನೈದು ದಿನ ತುಂಬಿರಲಿಲ್ಲ.

"ಬಾಣಂತಿ ಇರೋ ಮನೆ ಖಾಲಿ ಮಾಡ್ಸಾಕೆ ಆಗ್ತೈತೇನ್ರಿ?" ಎಂದೆ. ದನಿ ಥೇಟು ರುದ್ರಪ್ಪನದೇ.

ಹಾಲಪ್ಪನವರು ನೆಲ ನೋಡುತ್ತ ಕೇಳಿದರು: "ಇನ್ನೂ ಹೆಣ್ಣುಮಕ್ಳು ಅದಾರೇನ್ರಿ?"

"ಇನ್ನಿಬ್ರು ಅದಾರ್ರಿ."

ಅಷ್ಟರಲ್ಲಿ ಒಳಗಿನಿಂದ ಢಣ್ ಢಣ್ ಸದ್ದು ಬಂತು. ತೊಟ್ಟಿಲು ಕಟ್ಟಲು ಸರೋಜ ತೊಲೆಗೆ ಮೊಳೆ ಹೊಡೆಯುತ್ತಿದ್ದಳು. ಹಾಲಪ್ಪನವರು ತಲೆ ಎತ್ತಿದರು, ಆದರೆ ಕೂತಲ್ಲಿಂದ ಏಳಲಿಲ್ಲ. ನಾನು ಒಳಗೆ ಹೋಗಿ ತಟ್ಟೆಯಲ್ಲಿ ಅಂಟಿನುಂಡೆ ತಂದು ಅವರ ಮುಂದಿಟ್ಟೆ. ಹೇಗಿದೆ ಎಂದು ಕೇಳಲಿಲ್ಲ. ಆ ಉಂಡೆ ಮನೆಯ ಮಾಲೀಕನ ಗಂಟಲಲ್ಲಿ ಹೇಗೆ ಇಳಿಯುತ್ತದೆಂದು ನನಗೆ ಗೊತ್ತಿತ್ತು.